ಐದು ವರ್ಷದ ಗುರಿ ಬರೀರಿ ಅಂದ್ರು, ನಂಗೆ ಒಂದಕ್ಷರ ತೋಚಲಿಲ್ಲ. ಏನು ಮಾಡಲಿ?

ನಾಲೆ_ಬಯಲಿನ_ಹುಡುಗಿ, ಶ್ರೀರಂಗಪಟ್ಟಣ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಂಗೆ 22 ವರ್ಷ. ಮಂಡ್ಯದಲ್ಲಿ ಬಿಎಸ್ಸಿ ಮುಗಿಸಿದೀನಿ. ಕೆಮಿಸ್ಟ್ರಿ, ಬಾಟನಿ, ಜುವಾಲಜಿ. ಕೊನೇ ಸೆಮಿಸ್ಟರ್‌ನಲ್ಲಿ ಕಾಲೇಜಿಗೆ ಒಬ್ಬರು ಬಂದು ಭಾಷಣ ಮಾಡಿ, ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, "ಇನ್ನೈದು ವರ್ಷಕ್ಕೆ ನಿಮ್ಮ ಗುರಿ ಏನು, ಬರೀರಿ" ಅಂದ್ರು. ಪಕ್ಕದವಳು ಕೆಎಎಸ್ ಅಂತ ಬರೆದಳು. ಹಿಂದಿನವಳು ಬೆಂಗಳೂರಲ್ಲಿ ಸ್ವಂತ ಮನೆ ಅಂತ. ನಾನು ಹಾಳೆನ ಹಂಗೇ ಮಡಚಿ ಬ್ಯಾಗಿಗೆ ಹಾಕ್ಕೊಂಡೆ.

ಈಗ ಮನೇಲಿದೀನಿ. ನಮ್ಮದು ನಾಲೆ ನೀರಿನ ಜಮೀನು, ಕಬ್ಬು, ಭತ್ತ. ಮೂರು ಹಸು ಇದಾವೆ. ಅಪ್ಪ "ಮೈಸೂರಲ್ಲಿ ಕೋಚಿಂಗ್‌ಗೆ ಸೇರಿಸ್ತೀನಿ, ಕೆಎಎಸ್ಸೋ ಪಿಡಿಒನೋ ಆಗವ್ವ" ಅಂತಾರೆ. ಸೋದರಮಾವ ಬಂದಾಗಲೆಲ್ಲ "ಗುರಿ ಅಂತ ಒಂದಿಲ್ಲ ಅಂದ್ಮೇಲೆ ಮದುವೆ ಮಾಡಿಬಿಡಿ" ಅಂತಾರೆ. ನಂಗೆ ಕೋಪ ಬರುತ್ತೆ, ಆದ್ರೆ ತಿರುಗಿ ಹೇಳೋಕೆ ಏನೂ ಇರಲ್ಲ.

ನಂಗೆ ಇಷ್ಟ ಅಂತ ಇರೋದು ಒಂದೇ. ಡೇರಿಗೆ ಹಾಲು ಹಾಕೋಕೆ ನಾನೇ ಹೋಗ್ತೀನಿ. ಚೀಟೀಲಿ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರೋ ಪ್ರೋಟೀನ್, ಸಕ್ಕರೆ, ಲವಣದಂಥ ಗಟ್ಟಿ ಅಂಶ) ಬರುತ್ತಲ್ಲ, ಅದನ್ನ ಮನೇಲಿ ಒಂದು ನೋಟ್‌ಬುಕ್ಕಲ್ಲಿ ಬರೀತೀನಿ. ಕೆಲವು ಸಲ ಫ್ಯಾಟ್ ಚೆನ್ನಾಗಿದ್ರೂ ಎಸ್‌ಎನ್‌ಎಫ್ 8.5 ಮುಟ್ಟಲ್ಲ, 8.2ಕ್ಕೆ ನಿಲ್ಲುತ್ತೆ. ನೀರು ಬೆರೆಸೋ ಮನೆ ನಮ್ಮದಲ್ಲ. ಯಾಕೆ ಹಿಂಗಾಗುತ್ತೆ ಅಂತ ತಲೇಲಿ ಓಡ್ತಾನೇ ಇರುತ್ತೆ. ಆದ್ರೆ ಇದನ್ನೆಲ್ಲ ಯಾರಾದ್ರೂ ಗುರಿ ಅಂತಾರಾ? ಗುರಿ ಇಲ್ಲದೆ ಇರೋದು ಅಷ್ಟು ದೊಡ್ಡ ತಪ್ಪಾ?

ಮದ್ದೂರು_ಅಣ್ಣ

ತಂಗಿ, ತಪ್ಪೇನಿಲ್ಲ ಕಣಮ್ಮ. ಆದ್ರೆ ಸುಮ್ನೆ ಕೂತರೆ ಬೇರೆಯವರೇ ನಿನ್ನ ಗುರಿ ಬರೆದುಬಿಡ್ತಾರೆ, ನಿಮ್ಮ ಮಾವ ಆಗಲೇ ಪೆನ್ನು ತೆಗೆದವ್ರೆ. ಏನಾದ್ರೂ ಒಂದು ಹಿಡ್ಕೊ, ಬೇಗ ಹಿಡ್ಕೊ.

ಪಾಂಡವಪುರದ_ಮೇಷ್ಟ್ರಮ್ಮ, ಈಗ ಮೈಸೂರು

ಮಗಳೇ, ನಾನು ಮೈಸೂರಿನ ಒಂದು ಪಿಯು ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡ್ತೀನಿ. ಇಂಥ ಹಾಳೆಗಳನ್ನು ವರ್ಷವರ್ಷವೂ ನೋಡ್ತೀನಿ. ಖಾಲಿ ಹಾಳೆ ಕೊಡುವ ಮಕ್ಕಳ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ತಾಲ್ಲೂಕು ಕಚೇರಿಯೊಳಗೆ ಒಂದು ಗಂಟೆ ನಿಂತು ನೋಡದೆ "ತಹಶೀಲ್ದಾರ್ ಆಗ್ತೀನಿ" ಎಂದು ಬರೆಯುವ ಮಕ್ಕಳ ಬಗ್ಗೆ ಚಿಂತೆ.

ಮೊದಲು ಗುರಿಯ ಪರವಾಗಿ ಮಾತಾಡಿಬಿಡ್ತೀನಿ, ಯಾಕಂದ್ರೆ ಅದರಲ್ಲಿ ನನಗೆ ನಿಜವಾಗಿಯೂ ನಂಬಿಕೆ ಇದೆ. ನೀನು ಕಬ್ಬಿನ ಮನೆಯವಳು, ಈ ಪ್ರಯೋಗ ನಿನಗೆ ಚೆನ್ನಾಗಿ ಅರ್ಥವಾಗುತ್ತೆ. ಅಮೆರಿಕದ ಒಕ್ಲಹೋಮಾದಲ್ಲಿ ಮರದ ದಿಮ್ಮಿ ಸಾಗಿಸುವ ಲಾರಿಗಳು ಕಾನೂನು ಒಪ್ಪುವ ತೂಕದ ಶೇ. 60ರಷ್ಟು ಮಾತ್ರ ತುಂಬಿಕೊಂಡು ಬರ್ತಿದ್ದವು. ಗ್ಯಾರಿ ಲೇಥಮ್ ಎಂಬ ಮನಃಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಡ್ರೈವರುಗಳಿಗೆ "ಆದಷ್ಟು ತುಂಬಿ" ಎನ್ನುವ ಬದಲು "ಶೇ. 94" ಎಂದು ಅಂಕಿಯನ್ನೇ ಕೊಟ್ಟರು. ಕೂಲಿ ಹೆಚ್ಚಿಸಲಿಲ್ಲ. ಕೆಲವು ತಿಂಗಳಲ್ಲಿ ತೂಕ ಶೇ. 90 ದಾಟಿತು. 1975ರಲ್ಲಿ ಇದು ಪ್ರಕಟವಾಯಿತು. ಲೇಥಮ್ ಮತ್ತು ಎಡ್ವಿನ್ ಲಾಕ್ ಸೇರಿ ಮುಂದೆ ಕಟ್ಟಿದ ಸಿದ್ಧಾಂತವನ್ನು ನಾನು ಇವತ್ತಿಗೂ ಪಾಠ ಮಾಡ್ತೀನಿ: ಸ್ಪಷ್ಟವಾದ, ಸ್ವಲ್ಪ ಕಷ್ಟವೇ ಆದ ಗುರಿ ಇದ್ದಾಗ ಮನುಷ್ಯ "ಕೈಲಾದಷ್ಟು ಮಾಡು" ಅಂದಾಗ ಮಾಡುವುದಕ್ಕಿಂತ ಹೆಚ್ಚು ಮಾಡ್ತಾನೆ. ಭಾಷಣಕ್ಕೆ ಬಂದವರು ಹೇಳಿದ್ದರಲ್ಲಿ ಅಷ್ಟು ನಿಜ.

ಆದರೆ ಆ ಡ್ರೈವರುಗಳಿಗೆ ಲೋಡು ಮಾಡೋದು ಮೊದಲೇ ಗೊತ್ತಿತ್ತಮ್ಮ. ಕೆಲಸ ಗೊತ್ತಿದ್ದವರಿಗೆ ಅಂಕಿ ಕೊಟ್ಟರು, ಅಂಕಿ ಕೆಲಸ ಮಾಡಿತು. ಹೊಸದಾದ, ಗೋಜಲಾದ ಕೆಲಸದಲ್ಲಿ ಹೀಗಾಗಲ್ಲ. 1990ರ ದಶಕದಲ್ಲಿ ಇದೇ ಲೇಥಮ್ ಮತ್ತು ಸಂಗಡಿಗರೇ ಇದನ್ನು ಪರೀಕ್ಷೆ ಮಾಡಿ ನೋಡಿದರು. ಕಲಿಯುವ ಹಂತದಲ್ಲಿ ಇರುವವರಿಗೆ "ಇಷ್ಟು ಅಂಕ ತೆಗಿ" ಎಂಬ ಗುರಿಗಿಂತ "ಇದನ್ನು ಮಾಡುವ ಇಷ್ಟು ದಾರಿ ಕಂಡುಹಿಡಿ" ಎಂಬ ಗುರಿ ಹೆಚ್ಚು ಫಲ ಕೊಟ್ಟಿತು. ಭಾಷಣಗಳಲ್ಲಿ ಈ ಎರಡನೇ ಭಾಗ ಬರೋದೇ ಇಲ್ಲ. ನನಗೆ ಬೇಜಾರಾಗುವುದು ಅಲ್ಲೇ. ಯಾವ ಕೆಲಸವನ್ನೂ ಹತ್ತಿರದಿಂದ ನೋಡಿರದ 22ರ ಹುಡುಗಿಯ ಕೈಗೆ ಹಾಳೆ ಕೊಟ್ಟು ಐದು ವರ್ಷದ ಹುದ್ದೆ ಬರೆಸಿದರೆ ಅವಳು ಪಕ್ಕದವಳ ಹಾಳೆ ನೋಡಿ ಬರೀತಾಳೆ. ನೀನು ಬರೆಯಲಿಲ್ಲ. ಅದು ಪ್ರಾಮಾಣಿಕತೆ ಅಂತಲೇ ನಾನು ತಿಳಿದಿದ್ದೀನಿ.

ಹಾಗಾಗಿ ನಿನ್ನ ಈಗಿನ ಗುರಿ ತಿಳಿಯುವ ಗುರಿಯಾಗಿರಲಿ. ನಿನ್ನ ಹತ್ತಿರ ಒಂದು ಪ್ರಶ್ನೆ ಇದ್ದೇ ಇದೆ: ಎಸ್‌ಎನ್‌ಎಫ್ ಯಾಕೆ ಬೀಳುತ್ತೆ? ಇದು ಸಣ್ಣದು ಅಂತ ಯಾರು ಹೇಳಿದ್ದು? ಎಮ್ಮೆ ಹಾಲಿನಿಂದ ಕೂಸುಗಳಿಗೆ ಒಗ್ಗುವ ಪುಡಿ ಮಾಡುವುದು ಹೇಗೆ ಎಂಬ ಪ್ರಶ್ನೆಯನ್ನು ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹಿಡಿದುಕೊಂಡು ಕೂತರು. ಅವರು ರೂಪಿಸಿದ ವಿಧಾನದಿಂದಲೇ ಅಮುಲ್ ಶಿಶು ಆಹಾರ ಮಾರುಕಟ್ಟೆಗೆ ಬಂತು. ಆ ಸಂಸ್ಥೆ 1950ರಿಂದ ಚೆಲುವಾಂಬ ಮ್ಯಾನ್ಷನ್ನಿನಲ್ಲಿದೆ, ನಿಮ್ಮೂರಿಂದ ಬಸ್ಸು ಹತ್ತಿದರೆ ದೂರವೇನಲ್ಲ. ಅಲ್ಲಿ ಆಹಾರ ತಂತ್ರಜ್ಞಾನದಲ್ಲಿ ಎಂಎಸ್ಸಿ ಇದೆ. ಪ್ರವೇಶದ ಪ್ರಕಟಣೆ ತೆಗೆದು, ಯಾವ ವಿಷಯ ಓದಿರಬೇಕು ಅಂತ ನೀನೇ ನೋಡು. ಗೆಜ್ಜಲಗೆರೆಯಲ್ಲಿ ಮಂಡ್ಯ ಜಿಲ್ಲಾ ಹಾಲು ಒಕ್ಕೂಟದ (ಮನ್‌ಮುಲ್) ಡೇರಿ ಇದೆ, ಅಲ್ಲಿ ಹಾಲು ಪರೀಕ್ಷೆ ಮಾಡುವವರ ದಿನ ಹೇಗಿರುತ್ತೆ ಅಂತ ಕೇಳು. ಮನಸ್ಸಿಗೆ ಹಿಡಿಸದಿದ್ದರೆ ಅದೂ ತಿಳುವಳಿಕೆಯೇ.

ಇನ್ನೊಂದು. "ವಿಚಾರಿಸ್ತೀನಿ" ಅಂತ ಬರೆದಿಟ್ಟರೆ ಆಗಲ್ಲ. ಪೀಟರ್ ಗೋಲ್‌ವಿಟ್ಸರ್ ಎಂಬ ಜರ್ಮನ್ ಮನಃಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಕ್ರಿಸ್ಮಸ್ ರಜೆಯಲ್ಲಿ ಒಂದು ವರದಿ ಬರೆದು ಕಳಿಸಲು ಹೇಳಿದರು. ಯಾವ ಹೊತ್ತಿಗೆ, ಎಲ್ಲಿ ಕೂತು ಬರೆಯುತ್ತೇವೆ ಅಂತ ಮೊದಲೇ ಗೊತ್ತು ಮಾಡಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಬರೆದು ಕಳಿಸಿದರು. ಮಿಕ್ಕವರಲ್ಲಿ ಮೂರರಲ್ಲಿ ಒಂದು ಪಾಲು. ನೀನೂ ಹಾಗೇ ಬರಿ: ಬುಧವಾರ, ಬೆಳಗಿನ ಹಾಲು ಹಾಕಿದ ಮೇಲೆ, ಇಂಥ ಬಸ್ಸಿಗೆ.

ನಮ್ಮ ಮೈಸೂರಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರನ್ನು ನೆನೆಯದೆ ಮುಂದೆ ಹೋಗಲಾರೆ. ಅವರ ಹುದ್ದೆಗೂ ರೇಡಿಯೊಗೂ ಏನೂ ಸಂಬಂಧವಿರಲಿಲ್ಲ. ಆದರೂ 1935ರಲ್ಲಿ ತಮ್ಮ ಮನೆ ವಿಠ್ಠಲ ವಿಹಾರದಲ್ಲೇ ಪ್ರಸಾರ ಶುರು ಮಾಡಿದರು, ಆ ಕೇಂದ್ರಕ್ಕೆ ಆಕಾಶವಾಣಿ ಅಂತ ಹೆಸರಾಯಿತು. ಆ ಹೆಸರು ಮುಂದೆ ದೇಶದ ರೇಡಿಯೊಗೇ ಬಂತು. ನೋಟ್‌ಬುಕ್ಕಲ್ಲಿ ಎಸ್‌ಎನ್‌ಎಫ್ ಬರೆದಿಡುವ ಹುಡುಗಿಯನ್ನು ನಾನು ಗುರಿ ಇಲ್ಲದವಳು ಅನ್ನಲಾರೆ.

ಸರಸ್ವತಿಪುರಂ_ರೂಮು

ಮೇಡಂ, ನಿಮ್ಮ ಮಾತಿನ ಮೇಲೆ ಗೌರವ ಇದೆ, ಆದ್ರೆ ಒಂದು ವಿಷಯ ಒಪ್ಪಲಾರೆ. ನಾನು ಕೆ.ಆರ್. ಪೇಟೆ ಕಡೆಯವನು, ಕೆಎಎಸ್‌ಗೆ ಓದ್ತಾ ಇದೀನಿ. "ತಿಳ್ಕೊಳ್ತಾ ಇದೀನಿ" ಅಂದ್ರೆ ನಮ್ಮಂಥ ಮನೇಲಿ ಯಾರೂ ದುಡ್ಡು ಕೊಡಲ್ಲ. ಹುದ್ದೆ ಹೆಸರು ಹೇಳಿದ್ರೆ ಅಪ್ಪ ಸಾಲ ಮಾಡಿಯಾದ್ರೂ ಕಳಿಸ್ತಾರೆ, ಅವ್ವ ನೆಂಟರ ಬಾಯಿ ಮುಚ್ಚಿಸ್ತಾರೆ. ಹೆಣ್ಣುಮಕ್ಕಳಿಗೆ ಇದು ಇನ್ನೂ ಜಾಸ್ತಿ ಬೇಕು. ಪ್ರಿಲಿಮ್ಸ್‌ಗೆ ಎರಡು ಪೇಪರು, ತಲಾ 200 ಅಂಕ. ಏನು ಓದಬೇಕು, ಎಷ್ಟು ಓದಬೇಕು ಅಂತ ಕಣ್ಮುಂದೆ ಇರುತ್ತೆ. ಆ ಸ್ಪಷ್ಟತೇಲೇ ಒಂದು ನೆಮ್ಮದಿ ಇದೆ.

ಪಾಂಡವಪುರದ_ಮೇಷ್ಟ್ರಮ್ಮ

ನಿಮ್ಮ ಮಾತು ನಿಜ ಕಣಪ್ಪ. ಮನೆಯವರಿಗೆ ಹೇಳೋಕೆ ಒಂದು ಹೆಸರು ಬೇಕು, ಅದನ್ನು ನಾನು ಹಗುರ ಮಾಡಲ್ಲ. ಮಗಳೇ, ಮನೇಲಿ "ಸಿಎಫ್‌ಟಿಆರ್‌ಐ ಎಂಎಸ್ಸಿಗೆ ತಯಾರಿ ಮಾಡ್ತಿದೀನಿ, ಇಂಥ ತಿಂಗಳಿಗೆ ಅರ್ಜಿ" ಅಂತ ಹೇಳೋ ಹಂಗಾದ್ರೆ ಅದೂ ಹೆಸರೇ. ಆದರೆ ಪ್ರಕಟಣೆ ಓದಿ, ನಿನ್ನ ವಿಷಯಗಳಿಗೆ ಅವಕಾಶ ಇದೆ ಅಂತ ಖಾತ್ರಿ ಆದ ಮೇಲೆ ಹೇಳು. ನೀವೂ ಅಷ್ಟೇ, ಓದುವುದರ ನಡುವೆ ಒಂದು ದಿನ ಒಂದು ತಾಲ್ಲೂಕು ಕಚೇರಿಯಲ್ಲಿ ಕೂತು ಬನ್ನಿ.

ನಾಲೆ_ಬಯಲಿನ_ಹುಡುಗಿ

ಮೇಡಂ, ಎರಡು ಸಲ ಓದಿದೆ. ಅವ್ವಂಗೂ ಓದಿ ಹೇಳಿದೆ. ಅವ್ವ "ಗೆಜ್ಜಲಗೆರೆಗೆ ನಾನೂ ಬತ್ತೀನಿ ನಡಿ" ಅಂದ್ಲು. ಅಪ್ಪಂಗೆ ಇನ್ನೂ ಹೇಳಿಲ್ಲ. ಸರಸ್ವತಿಪುರಂ ಅಣ್ಣ ಹೇಳಿದ್ದೂ ಸರಿ ಅನ್ಸುತ್ತೆ, ಕೈಲಿ ಪ್ರಕಟಣೆ ಇಟ್ಕೊಂಡೇ ಅಪ್ಪನ ಹತ್ರ ಮಾತಾಡ್ತೀನಿ. ಅಲ್ಲೀವರೆಗೂ ಎಸ್‌ಎನ್‌ಎಫ್ ಬಗ್ಗೆ ಮನೇಲೇ ಏನಾದ್ರೂ ಕಂಡ್ಕೊಳ್ಳೋಕೆ ಆಗುತ್ತಾ?

ಹಸು_ಡಾಕ್ಟ್ರು_ಮಳವಳ್ಳಿ

ಆಗುತ್ತಮ್ಮ. ಮೂರೂ ಹಸುವಿನ ಹಾಲು ಒಂದೇ ಕ್ಯಾನಿಗೆ ಸುರಿದು ಬರೆದ ಲೆಕ್ಕದಿಂದ ಏನೂ ಗೊತ್ತಾಗಲ್ಲ. ಸಂಘದ ಕಾರ್ಯದರ್ಶಿಯವರನ್ನ ಕೇಳಿ, ವಾರಕ್ಕೊಂದು ದಿನ ಒಂದೊಂದು ಹಸುವಿನ ಹಾಲು ಬೇರೆ ಬೇರೆ ಪರೀಕ್ಷೆ ಮಾಡಿಸು, ಬೆಳಗಿಂದು ಬೇರೆ, ಸಂಜೆದು ಬೇರೆ. ಪಕ್ಕದಲ್ಲಿ ಆವತ್ತು ಏನು ತಿಂದಿತ್ತು ಅಂತ ಬರಿ. ಬರೀ ಒಣ ಹುಲ್ಲು, ಕಬ್ಬಿನ ಸೋಗೆ ಮೇಲೆ ಇದ್ದ ಹಸುವಿಗೆ ಶಕ್ತಿ ಸಾಲದೆ ಹಾಲಿನ ಪ್ರೋಟೀನ್ ಇಳಿಯುತ್ತೆ, ಅದರ ಜೊತೆ ಎಸ್‌ಎನ್‌ಎಫೂ. ಸೆಖೆ ದಿನಗಳಲ್ಲಿ ಮೇವು ಕಡಿಮೆ ತಿಂದರೂ ಹಂಗೇ. ಒಂದೇ ಹಸುದು ಮಾತ್ರ ಕಡಿಮೆ ಬರ್ತಿದ್ರೆ ಕೆಚ್ಚಲುಬಾವು ಒಳಗೊಳಗೇ ಶುರುವಾಗಿರಬಹುದು, ಹಾಲು ನೋಡೋಕೆ ಚೆನ್ನಾಗೇ ಇರುತ್ತೆ. ಪಶು ಆಸ್ಪತ್ರೇಲಿ ಸಿಎಂಟಿ ಅಂತ ಕೆಚ್ಚಲುಬಾವು ಪತ್ತೆ ಮಾಡೋ ಪರೀಕ್ಷೆ ಇದೆ, ಮಾಡಿಸು, ನಾಲ್ಕು ತೊಟ್ಟಿನ ಹಾಲನ್ನೂ ಬೇರೆ ಬೇರೆ ಹಿಂಡಿ ನೋಡ್ತಾರೆ, ಅಲ್ಲೇ ಗೊತ್ತಾಗುತ್ತೆ. ಒಂದು ತಿಂಗಳ ಲೆಕ್ಕ ಆದ್ಮೇಲೆ ಇಲ್ಲಿ ಹಾಕು, ನಾನು ನೋಡ್ತೀನಿ.