ಎಂಆರ್‌ಐನಲ್ಲಿ ‘ಮೋಲಾರ್ ಟೂತ್’ ಅಂತ ಬಂದಿದೆ, ಮಗು ನಡೆಯುತ್ತಾ?

ಪ್ರಶ್ನೆ: ಡಾಕ್ಟ್ರೇ, ಮಗನಿಗೆ 14 ತಿಂಗಳು. ಕತ್ತು ನಿಂತಿದ್ದೇ ತುಂಬಾ ತಡ, ಇನ್ನೂ ಕೂರುವುದಿಲ್ಲ. ಮೈಯೆಲ್ಲ ಮೆತ್ತಗೆ. ಹುಟ್ಟಿದ ಹೊಸದರಲ್ಲಿ ಏದುಸಿರು ಬಿಡುತ್ತಿದ್ದ, ಆಮೇಲೆ ಸ್ವಲ್ಪ ಹೊತ್ತು ಉಸಿರೇ ನಿಲ್ಲುತ್ತಿತ್ತು. ಎಂಆರ್‌ಐ ರಿಪೋರ್ಟಿನಲ್ಲಿ ‘ಮೋಲಾರ್ ಟೂತ್ ಸೈನ್, ಜೂಬರ್ಟ್ ಸಿಂಡ್ರೋಮ್’ ಅಂತಿದೆ. ಮಿದುಳಲ್ಲಿ ಹಲ್ಲು ಬೆಳೆದಿದೆಯಾ? ನಡೆಯುತ್ತಾನಾ? ನಮ್ಮದು ಸೋದರಮಾವನ ಜೊತೆ ಆದ ಮದುವೆ.

ಉತ್ತರ (ಮಕ್ಕಳ ನರರೋಗ ವೈದ್ಯೆ): ಹಲ್ಲು ಗಿಲ್ಲು ಏನೂ ಇಲ್ಲಮ್ಮ. ಸಣ್ಣ ಮಿದುಳಿನ ಎರಡು ಭಾಗಗಳ ನಡುವೆ ವರ್ಮಿಸ್ ಅಂತ ಇರುತ್ತೆ, ಮೈಯ ಸಮತೋಲ ಅದರ ಕೆಲಸ. ನಿಮ್ಮ ಮಗನಿಗೆ ಅದು ಹೊಟ್ಟೆಯಲ್ಲೇ ಸರಿಯಾಗಿ ಬೆಳೆದಿಲ್ಲ. ಪಕ್ಕದ ನರದ ಕಟ್ಟುಗಳು ದಪ್ಪಗೆ, ಉದ್ದಕ್ಕೆ ಇವೆ. ಅಡ್ಡ ಚಿತ್ರದಲ್ಲಿ ಅದು ದವಡೆ ಹಲ್ಲಿನ ಹಾಗೆ ಕಾಣುತ್ತೆ, ಅಷ್ಟೇ. 1969ರಲ್ಲಿ ಕೆನಡಾದ ಡಾ. ಮರೀ ಜೂಬರ್ಟ್ ಒಂದೇ ಮನೆಯ ಮಕ್ಕಳಲ್ಲಿ ಈ ಕಾಯಿಲೆಯನ್ನು ಗುರುತಿಸಿದರು.

ಏದುಸಿರು ವಯಸ್ಸಾದಂತೆ ಸಾಮಾನ್ಯವಾಗಿ ಕಡಿಮೆಯಾಗುತ್ತೆ. ನಡಿಗೆ? ಎಷ್ಟೋ ಮಕ್ಕಳು ನಡೆಯುತ್ತಾರೆ, ಆದರೆ ವರ್ಷಗಳು ತಡವಾಗಿ, ಸ್ವಲ್ಪ ತೂರಾಡುತ್ತಾ. ಎಲ್ಲರೂ ನಡೆಯುತ್ತಾರೆ ಅಂತ ಹೇಳಲಾರೆ. ಫಿಸಿಯೋಥೆರಪಿ ಈಗಲೇ ಶುರು ಮಾಡಿ.

ಆದರೆ ಎಲ್ಲರೂ ಕೇಳುವುದು ನಡಿಗೆ ಬಗ್ಗೆ, ಕಿಡ್ನಿ ಬಗ್ಗೆ ಯಾರೂ ಕೇಳುವುದಿಲ್ಲ. ನನಗೆ ಜಾಸ್ತಿ ಚಿಂತೆ ಅದರದ್ದೇ. ಈ ಮಕ್ಕಳಲ್ಲಿ ಕೆಲವರಿಗೆ ಕಿಡ್ನಿ, ಲಿವರ್, ಕಣ್ಣಿನ ರೆಟಿನಾ ಸದ್ದಿಲ್ಲದೆ ಹಾಳಾಗುತ್ತವೆ. ಪ್ರತಿ ವರ್ಷ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ), ಲಿವರ್ ಟೆಸ್ಟ್, ಹೊಟ್ಟೆಯ ಸ್ಕ್ಯಾನ್, ಕಣ್ಣಿನ ಪರೀಕ್ಷೆ ತಪ್ಪಿಸಬೇಡಿ. ನೀರು ಜಾಸ್ತಿ ಕುಡಿದು, ರಾತ್ರಿಯೆಲ್ಲ ಮೂತ್ರ ಮಾಡುತ್ತಿದ್ದರೆ ಅದು ಕಿಡ್ನಿಯ ಸೂಚನೆ ಇರಬಹುದು, ಮುಂದಿನ ವರ್ಷದ ಟೆಸ್ಟ್ ತನಕ ಕಾಯಬೇಡಿ. ಯಾವುದೇ ಆಪರೇಷನ್ ಇದ್ದರೂ ಅರಿವಳಿಕೆ ಡಾಕ್ಟರಿಗೆ ಈ ಕಾಯಿಲೆಯ ಹೆಸರು ಮೊದಲೇ ಹೇಳಿ. ಮಂಪರು ಬರಿಸುವ ಔಷಧಿಗೆ ಇವರ ಉಸಿರಾಟ ಬೇಗ ಕುಗ್ಗುತ್ತೆ.

ಪ್ರಶ್ನೆ: ಸ್ಟೆಮ್ ಸೆಲ್ ಹಾಕಿಸಿದರೆ ಸರಿಹೋಗುತ್ತೆ ಅಂತ ಒಬ್ಬರು ಹೇಳಿದರು. ಲಕ್ಷಗಟ್ಟಲೆ ಕೇಳುತ್ತಿದ್ದಾರೆ.

ಉತ್ತರ: ಸುಮ್ನೆ ದುಡ್ಡು ದಂಡ. ಬೆಳೆಯದೇ ಉಳಿದ ಭಾಗವನ್ನು ಬೆಳೆಸುವ ಚಿಕಿತ್ಸೆ ಇವತ್ತಿಗೆ ಇಲ್ಲ. ಆ ಹಣ ಥೆರಪಿಗಿರಲಿ.

ಪ್ರಶ್ನೆ: ಇನ್ನೊಂದು ಮಗು ಆದರೆ? ಅತ್ತೆ ನನ್ನನ್ನೇ ದೂರುತ್ತಿದ್ದಾರೆ.

ಉತ್ತರ: ಇದು ಸಾಮಾನ್ಯವಾಗಿ ತಾಯಿಯಿಂದ ಒಂದು, ತಂದೆಯಿಂದ ಒಂದು ಕೆಟ್ಟ ಜೀನ್ ಸೇರಿದಾಗಲೇ ಬರುವುದು. ನಿಮ್ಮೊಬ್ಬರನ್ನೇ ದೂರಲು ಆಗುವುದಿಲ್ಲ ಅಲ್ವಾ? ಒಂದೇ ಮನೆತನದಲ್ಲಿ ಮದುವೆಯಾದಾಗ ಇಬ್ಬರಲ್ಲೂ ಅದೇ ಜೀನ್ ಇರುವ ಸಾಧ್ಯತೆ ಜಾಸ್ತಿ. ಹಾಗಿದ್ದರೆ ಪ್ರತಿ ಬಸಿರಿನಲ್ಲೂ 25% ಅಪಾಯ. ಮೊದಲು ಮಗನ ಜೀನ್ ಟೆಸ್ಟ್, ಆಮೇಲೆ ನಿಮ್ಮಿಬ್ಬರದು. ಯಾವ ಜೀನ್ ಅಂತ ಗೊತ್ತಾದರೆ ಮುಂದಿನ ಬಸಿರಿನಲ್ಲಿ 11–13 ವಾರಕ್ಕೆ ಪರೀಕ್ಷೆ ಮಾಡಬಹುದು. ಆ ರಿಪೋರ್ಟ್ ಕೈಗೆ ಬರುವ ತನಕ ಬಸಿರು ಬೇಡ.