‘ನೇಪಥ್ಯ’ದ ಹಳೆಯ ಅರ್ಥ ಮತ್ತು ಸಿನಿಮಾದಲ್ಲಿ ಉಡಿಸುವವರ ಹೆಸರು

ಮಾನ್ಯರೆ,

ಕನ್ನಡ ಸಿನಿಮಾ ಮತ್ತು ಧಾರಾವಾಹಿಗಳ ಉಡುಪು ವಿಭಾಗದಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಈಚೆಗೆ ಚಿತ್ರೀಕರಣ ಮುಗಿದ ಚಿತ್ರವೊಂದರ ನಿರ್ದೇಶಕರು ಟೈಟಲ್ ಕಾರ್ಡಿನಲ್ಲಿ ಒಂದೂ ಇಂಗ್ಲಿಷ್ ಪದ ಇರಬಾರದೆಂದು ತೀರ್ಮಾನಿಸಿ, ನಮ್ಮ ವಿಭಾಗದ ಪಟ್ಟಿಯನ್ನು ಕನ್ನಡದಲ್ಲಿ ಬರೆದುಕೊಡುವ ಹೊಣೆಯನ್ನು ನನಗೆ ಒಪ್ಪಿಸಿದ್ದಾರೆ. ಮೊದಲ ಹೆಸರಿನ ಎದುರು ‘ವಸ್ತ್ರವಿನ್ಯಾಸ’ ಎಂದು ಬರೆಯಲು ಯಾವ ತೊಡಕೂ ಬರಲಿಲ್ಲ. ಅದರ ಕೆಳಗಿನ ಮೂರು ಹೆಸರುಗಳ ಎದುರು ಏನು ಬರೆಯಬೇಕೆಂಬುದು ಮೂರು ವಾರಗಳಾದರೂ ಬಗೆಹರಿದಿಲ್ಲ. ಅದಕ್ಕಾಗಿಯೇ ಈ ಪತ್ರ.

ಆ ಮೂವರು ಮಾಡುವ ಕೆಲಸ ಏನೆಂದು ಹೇಳದೆ ಪದ ಕೇಳುವುದು ಸರಿಯಲ್ಲ. ಪಾತ್ರಕ್ಕೆ ಯಾವ ಬಟ್ಟೆ, ಯಾವ ಬಣ್ಣ, ಯಾವ ಕಾಲದ ಹೊಲಿಗೆ ಎಂಬುದನ್ನು ವಿನ್ಯಾಸಕಾರರು ನಿರ್ದೇಶಕರೊಂದಿಗೂ ಛಾಯಾಗ್ರಾಹಕರೊಂದಿಗೂ ಕೂತು ನಿರ್ಧರಿಸುತ್ತಾರೆ. ಚಿತ್ರೀಕರಣ ಶುರುವಾದ ಮೇಲೆ ಅವರು ದಿನವೂ ಸೆಟ್ಟಿನಲ್ಲಿ ಇರುತ್ತಾರೆಂದೇನೂ ಇಲ್ಲ. ಬೆಳಗಿನ ಐದು ಗಂಟೆಗೆ ಟ್ರಂಕುಗಳನ್ನು ವ್ಯಾನಿನಿಂದ ಇಳಿಸಿ, ಆ ದಿನದ ದೃಶ್ಯಗಳ ಬಟ್ಟೆಗಳಿಗೆ ಇಸ್ತ್ರಿ ಹಾಕಿ, ಪಾತ್ರದ ಹೆಸರಿನ ಚೀಟಿ ಚುಚ್ಚಿ ತೂಗುಹಾಕುವವರು, ಪಂಚೆಯ ಕಚ್ಚೆ ಹಾಕುವವರು, ನೆರಿಗೆ ಹಿಡಿದು ಸೀರೆ ಉಡಿಸುವವರು, ಶಾಟ್‌ಗೂ ಶಾಟ್‌ಗೂ ನಡುವೆ ಓಡಿಹೋಗಿ ಸೆರಗು ಸರಿಪಡಿಸುವವರು, ರಾತ್ರಿ ಪ್ಯಾಕಪ್ ಆದ ಮೇಲೆ ಬೆವರಿನ ಬಟ್ಟೆಗಳನ್ನು ಒಗೆಯಲು ಕಳಿಸಿ ಲೆಕ್ಕ ಬರೆದಿಡುವವರು ಈ ಮೂವರೇ.

ಎಲ್ಲಕ್ಕಿಂತ ಕಷ್ಟದ್ದು ನಾವು ‘ಕಂಟಿನ್ಯೂಟಿ’ ಎನ್ನುವ ಕೆಲಸ. ನಾಯಕ ಮಳೆಯಲ್ಲಿ ನಡೆದು ಬಂದು ಮನೆಯ ಬಾಗಿಲು ತಳ್ಳುವುದನ್ನು ಮೂಡಿಗೆರೆಯ ಹತ್ತಿರ ಚಿತ್ರಿಸಿರುತ್ತಾರೆ. ಹೊಸ್ತಿಲು ದಾಟಿ ಒಳಗೆ ಕಾಲಿಡುವುದನ್ನು ತಿಂಗಳು ಕಳೆದ ಮೇಲೆ ಬೆಂಗಳೂರಿನ ಸೆಟ್ಟಿನಲ್ಲಿ ಚಿತ್ರಿಸುತ್ತಾರೆ. ತೆರೆಯ ಮೇಲೆ ಅದು ಒಂದೇ ಹೆಜ್ಜೆ. ಆ ಒಂದು ಹೆಜ್ಜೆಗಾಗಿ ಎಡತೋಳು ಎರಡು ಮಡಿಕೆ, ಬಲತೋಳು ಒಂದೂವರೆ, ಮೇಲಿನಿಂದ ಎರಡನೆಯ ಗುಂಡಿ ಬಿಚ್ಚಿದೆ, ಪಂಚೆಯ ಅಂಚು ಬಲಗಡೆಗೆ, ಕೆಸರು ಮೊಣಕಾಲಿನವರೆಗೆ ಎಂದು ದೃಶ್ಯದ ಸಂಖ್ಯೆಯ ಎದುರು ಬರೆದು, ಮುಂದಿನಿಂದಲೂ ಹಿಂದಿನಿಂದಲೂ ಫೋಟೊ ತೆಗೆದಿಟ್ಟಿರಬೇಕು. ಅಂಥ ಅಂಗಿಯನ್ನು ಒಂದೇ ಥಾನಿನಿಂದ ನಾಲ್ಕು ಹೊಲಿಸಿರುತ್ತೇವೆ: ಒದ್ದೆಯಾಗಲು ಎರಡು, ಸಾಹಸ ಕಲಾವಿದರಿಗೆ ಒಂದು, ಏನಾದರೂ ಹರಿದರೆ ಇರಲೆಂದು ಇನ್ನೊಂದು. ‘ಕಂಟಿನ್ಯೂಟಿ’ಗೆ ಕೆಲವರು ‘ನಿರಂತರತೆ’ ಎಂದು ಬರೆಯುವುದನ್ನು ಕಂಡಿದ್ದೇನೆ, ಅದನ್ನು ಒಪ್ಪಲು ನನಗೆ ಮನಸ್ಸಿಲ್ಲ. ಚಿತ್ರೀಕರಣದಲ್ಲಿ ನಿರಂತರವಾಗಿ ನಡೆಯುವುದು ಏನೂ ಇಲ್ಲ. ತುಂಡುತುಂಡಾಗಿ ನಡೆದದ್ದನ್ನು ತಾಳೆ ಮಾಡಿ ಕೂಡಿಸುವುದೇ ಕೆಲಸ. ‘ಉಡುಪು ಹೊಂದಿಕೆ’ ಎಂದರೆ ಅದು ಸರಿಯಾಗಿ ತಿಳಿಯುತ್ತದೆ ಎಂದು ನನ್ನ ಅನಿಸಿಕೆ.

ವಿನ್ಯಾಸಕ್ಕೆ ಹೆಸರೂ ಇದೆ, ಮನ್ನಣೆಯೂ ಇದೆ. ‘ಗಾಂಧಿ’ ಚಿತ್ರಕ್ಕಾಗಿ ಭಾನು ಅಥೈಯಾ ಅವರಿಗೆ ಜಾನ್ ಮೊಲ್ಲೊ ಅವರೊಂದಿಗೆ 1983ರಲ್ಲಿ ಆಸ್ಕರ್ ಬಂತು. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ವಸ್ತ್ರವಿನ್ಯಾಸ ಎಂಬ ವಿಭಾಗ 1984ರ ಚಿತ್ರಗಳಿಂದ ಇದೆ, ಮತ್ತು ‘ತಾಯಿ ಸಾಹೇಬ’ (1997) ಚಿತ್ರಕ್ಕಾಗಿ ವೈಶಾಲಿ ಕಾಸರವಳ್ಳಿ ಅವರು ಆ ಪ್ರಶಸ್ತಿಯನ್ನು ಕನ್ನಡಕ್ಕೆ ತಂದರು. ಆದರೆ ಉಡಿಸುವವರನ್ನೂ ಕಾಯುವವರನ್ನೂ ಸೆಟ್ಟಿನಲ್ಲಿ ಕರೆಯುವುದು ‘ಕಾಸ್ಟ್ಯೂಮ್’ ಎಂದು. ಸಹನಿರ್ದೇಶಕರು ‘ಕಾಸ್ಟ್ಯೂಮ್ ಎಲ್ಲಿ?’ ಎಂದು ಕೂಗಿದಾಗ ಕೇಳುತ್ತಿರುವುದು ಬಟ್ಟೆಯನ್ನೋ ಮನುಷ್ಯನನ್ನೋ ಎಂಬುದು ಸಂದರ್ಭದಿಂದಲೇ ತಿಳಿಯಬೇಕು. ಮುಂಬಯಿಯವರು ‘ಡ್ರೆಸ್‌ದಾದಾ’ ಎನ್ನುತ್ತಾರೆ. ಅಲ್ಲಿ ಪದ ಇಂಗ್ಲಿಷಿನದಾದರೂ ಒಬ್ಬ ಅಣ್ಣನಾದರೂ ಇದ್ದಾನೆ.

ನಮ್ಮ ಟೈಟಲ್ ಕಾರ್ಡುಗಳಲ್ಲಿ ಬಹುಕಾಲದಿಂದ ಇರುವ ಪದ ‘ವಸ್ತ್ರಾಲಂಕಾರ’. ನನಗೆ ಅದರೊಂದಿಗಿರುವ ತಕರಾರು ಅನುಭವದಿಂದ ಹುಟ್ಟಿದ್ದು. ಕೂಲಿಯ ಪಾತ್ರಕ್ಕೆಂದು ತಂದ ಹೊಸ ಬಿಳಿ ಅಂಗಿಯನ್ನು ಮೊದಲು ಟೀ ಡಿಕಾಕ್ಷನ್ನಿನಲ್ಲಿ ಅದ್ದುತ್ತೇವೆ, ಏಕೆಂದರೆ ಅಚ್ಚ ಬಿಳುಪು ಕ್ಯಾಮೆರಾದಲ್ಲಿ ಕಣ್ಣು ಕುಕ್ಕುತ್ತದೆ. ಆಮೇಲೆ ಕಾಲರಿನ ಮಡಿಕೆ, ಮೊಣಕೈ, ಜೇಬಿನ ಬಾಯಿ, ಹೀಗೆ ಮೈಯ ಉಜ್ಜಾಟಕ್ಕೆ ನಿಜವಾಗಿ ಸವೆಯುವ ಜಾಗಗಳನ್ನಷ್ಟೇ ಆರಿಸಿ ಸ್ಯಾಂಡ್‌ಪೇಪರಿನಿಂದ ಉಜ್ಜುತ್ತೇವೆ; ಹೆಗಲ ಮೇಲೆ ಹೊರೆ ಹೊರುವವನಾದರೆ ಬಲ ಹೆಗಲನ್ನು ಹೆಚ್ಚಾಗಿ. ಒಂದು ಗುಂಡಿಯನ್ನು ಕಿತ್ತು ಬೇರೆ ಬಣ್ಣದ ದಾರದಲ್ಲಿ ಬೇರೆ ಗುಂಡಿ ಹೊಲಿಯುತ್ತೇವೆ. ಎರಡು ದಿನ ಹೀಗೆ ಹೊಸದನ್ನು ಹಳತು ಮಾಡಿದವರ ಕೆಲಸವನ್ನು ‘ಅಲಂಕಾರ’ ಎನ್ನುವುದು ಹೇಗೆ? ‘ವೇಷಭೂಷಣ’ಕ್ಕೂ ಇದೇ ತೊಂದರೆ. ಕರಾವಳಿಯ ಯಕ್ಷಗಾನದಲ್ಲಿ ‘ವೇಷ’ ಎಂದರೆ ಪಾತ್ರವೇ. ಬಣ್ಣದ ವೇಷ, ಪುಂಡುವೇಷ, ಸ್ತ್ರೀವೇಷ ಎನ್ನುವಾಗ ಆ ಮಾತಿನಲ್ಲಿ ಗೌರವವಿದೆ. ಘಟ್ಟದ ಮೇಲಿನವರ ದಿನದ ಮಾತಿನಲ್ಲಿ ‘ವೇಷ ಹಾಕುವುದು’ ನಟಿಸಿ ಮೋಸ ಮಾಡುವುದೂ ಆಗಿಬಿಟ್ಟಿದೆ.

ಈ ಹುಡುಕಾಟದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಪದ ‘ನೇಪಥ್ಯ’. ಪರದೆಯ ಹಿಂದಿನ ಜಾಗ ಎಂಬ ಅರ್ಥವಷ್ಟೇ ನನಗೆ ಗೊತ್ತಿತ್ತು. ಕಾಳಿದಾಸನ ‘ಅಭಿಜ್ಞಾನ ಶಾಕುಂತಲ’ದ ಪ್ರಸ್ತಾವನೆಯನ್ನು ಮತ್ತೆ ಓದುವಾಗ ಬೇರೆಯದೇ ಕಂಡಿತು. ಸೂತ್ರಧಾರ ‘ನೇಪಥ್ಯಾಭಿಮುಖಮವಲೋಕ್ಯ’, ಅಂದರೆ ನೇಪಥ್ಯದ ಕಡೆಗೆ ನೋಡಿ, ನಟಿಯನ್ನು ಕರೆಯುತ್ತಾನೆ: ‘ಆರ್ಯೇ, ಯದಿ ನೇಪಥ್ಯವಿಧಾನಮವಸಿತಂ ಇತಸ್ತಾವದಾಗಮ್ಯತಾಂ’. ಉಡುಗೆತೊಡುಗೆಯ ಕೆಲಸ ಮುಗಿದಿದ್ದರೆ ಇತ್ತ ಬಾ ಎಂದು ಅದರ ಅರ್ಥ. ಅವನು ನೋಡುವ ನೇಪಥ್ಯ ಒಂದು ಜಾಗ. ಅವನು ಹೆಸರಿಸುವ ನೇಪಥ್ಯ ಉಡುಗೆ. ಒಂದೇ ಉಸಿರಿನಲ್ಲಿ ಎರಡೂ ಅರ್ಥ ಬಂದಿವೆ. ನಾಟ್ಯಶಾಸ್ತ್ರದಲ್ಲಿ ಭರತ ಆಹಾರ್ಯಾಭಿನಯವನ್ನು, ಅಂದರೆ ಉಡುಗೆ, ಬಣ್ಣಗಳಂಥ ಹೊರಗಿನ ಸಾಧನಗಳಿಂದ ಆಗುವ ಅಭಿನಯವನ್ನು, ನೇಪಥ್ಯದಿಂದ ಹುಟ್ಟಿದ ವಿಧಿ ಎಂದೇ ಹೇಳಿ, ನೇಪಥ್ಯವನ್ನು ಪುಸ್ತ (ರಂಗಕ್ಕೆ ಮಾಡಿದ ಮಾದರಿ ವಸ್ತುಗಳು), ಅಲಂಕಾರ, ಅಂಗರಚನೆ (ಮೈಗೆ ಬಣ್ಣ ಹಚ್ಚುವುದು), ಸಂಜೀವ (ರಂಗಕ್ಕೆ ಬರುವ ಪ್ರಾಣಿಗಳು) ಎಂದು ನಾಲ್ಕು ಬಗೆ ಮಾಡುತ್ತಾನೆ. ಅಲ್ಲಿನ ‘ಅಲಂಕಾರ’ದಲ್ಲಿ ಹೂಮಾಲೆ, ಆಭರಣಗಳ ಜೊತೆಗೆ ಬಟ್ಟೆಯೂ ಸೇರಿದೆ, ಆದ್ದರಿಂದ ‘ವಸ್ತ್ರಾಲಂಕಾರ’ ಎಂದು ಮೊದಲು ಬರೆದವರು ತಪ್ಪು ಮಾಡಿದರೆಂದು ನಾನು ಹೇಳಲಾರೆ. ಆ ಶಾಸ್ತ್ರೀಯ ಅರ್ಥ ಇಂದಿನ ಓದುಗರಿಗೆ ಮುಟ್ಟುವುದಿಲ್ಲ ಎಂಬುದಷ್ಟೇ ನನ್ನ ಮಾತು.

ಇಂಗ್ಲಿಷಿನ ‘ವಾರ್ಡ್‌ರೋಬ್’ ಪದ ಇದರ ತಿರುವುಮುರುವಿನ ದಾರಿಯಲ್ಲಿ ಬಂದಿದೆ. ಬಟ್ಟೆ ಕಾಯ್ದಿಡುವ ಕೋಣೆಯ ಹೆಸರು ಅಲ್ಲಿರುವ ಬಟ್ಟೆಗಳಿಗೂ, ಸಿನಿಮಾದಲ್ಲಿ ಅವನ್ನು ನೋಡಿಕೊಳ್ಳುವವರ ವಿಭಾಗಕ್ಕೂ ಅಂಟಿಕೊಂಡಿತು. ನಮ್ಮಲ್ಲಿ ಉಡುಗೆಯ ಅರ್ಥ ಕರಗಿ ಜಾಗದ ಅರ್ಥವೊಂದೇ ಉಳಿಯಿತು. ಅದೂ ಹಾಗೆಯೇ ಉಳಿಯದೆ, ಪತ್ರಿಕೆಗಳ ಕನ್ನಡದಲ್ಲಿ ‘ನೇಪಥ್ಯಕ್ಕೆ ಸರಿದರು’ ಎಂದರೆ ಜನರ ಕಣ್ಣಿನಿಂದ ಮರೆಯಾದರು ಎಂದಾಗಿದೆ. ನೇಪಥ್ಯದಲ್ಲಿ ಬೆಳಗಿನ ಐದರಿಂದ ನಿಂತೇ ಇರುವವರಿಗೆ ಈ ನುಡಿಗಟ್ಟು ಓದುವಾಗ ನೋವಾಗುತ್ತದೆ. ಅವರು ಎಲ್ಲಿಗೂ ಸರಿದವರಲ್ಲ. ಕರಾವಳಿಯಲ್ಲಿ ಚೌಕಿಯ, ಅಂದರೆ ಯಕ್ಷಗಾನದ ಬಣ್ಣದ ಮನೆಯ, ಕೆಲಸದವರನ್ನು ‘ನೇಪಥ್ಯ ಕಲಾವಿದರು’ ಎಂದು ಬರೆಯುವ ರೂಢಿ ಇದೆ, ಅದು ನನಗೆ ತುಂಬ ಹಿಡಿಸಿದೆ. ಆದರೆ ಸಿನಿಮಾದಲ್ಲಿ ಹಾಗೆ ಬರೆದರೆ ಬೆಳಕಿನವರೂ ಧ್ವನಿಯವರೂ ಸಂಕಲನದವರೂ ಅದರೊಳಗೆ ಬಂದುಬಿಡುತ್ತಾರೆ. ‘ಆಹಾರ್ಯ ವಿಭಾಗ’ ಎಂದು ಬರೆದು ನೋಡಿದೆ. ಓದಿದ ಮೊದಲಿಗರು ಅದನ್ನು ಊಟದ ವಿಭಾಗ ಎಂದೇ ತಿಳಿದರು.

ಸಂಸ್ಕೃತವನ್ನು ಬಿಟ್ಟು ಕನ್ನಡದ ಕಡೆಗೆ ತಿರುಗಿದರೆ ನಮ್ಮಲ್ಲಿರುವ ಸಂಪತ್ತು ಕ್ರಿಯಾಪದಗಳದ್ದು. ಸೀರೆ, ಪಂಚೆಗಳನ್ನು ಉಡುತ್ತೇವೆ. ಅಂಗಿ, ಕುಪ್ಪಸಗಳನ್ನು ತೊಡುತ್ತೇವೆ. ಶಾಲನ್ನು ಹೊದೆಯುತ್ತೇವೆ, ರುಮಾಲನ್ನು ಸುತ್ತುತ್ತೇವೆ, ಹೂವನ್ನು ಮುಡಿಯುತ್ತೇವೆ, ಗೆಜ್ಜೆಯನ್ನು ಕಟ್ಟುತ್ತೇವೆ, ಚಪ್ಪಲಿಯನ್ನು ಮೆಟ್ಟುತ್ತೇವೆ. ಈಗ ಎಲ್ಲದಕ್ಕೂ ‘ಹಾಕಿಕೊಳ್ಳುವುದು’ ಒಂದೇ ಸಾಕಾಗಿದೆ, ಆದರೆ ಈ ವ್ಯತ್ಯಾಸಗಳು ನಮ್ಮ ಕೆಲಸಕ್ಕೆ ಬೇಕಾದವು: ಉಡುವುದಕ್ಕೆ ಹೊಲಿಗೆ ಬೇಡ, ಕಟ್ಟುವ ಕೈ ಬೇಕು, ತೊಡುವುದಕ್ಕೆ ಅಳತೆ ಬೇಕು, ದರ್ಜಿ ಬೇಕು.

ಪದ ಸಡಿಲವಾದರೆ ಬಟ್ಟೆಯೇ ತಪ್ಪುತ್ತದೆ ಎಂಬುದನ್ನು ನಾನು ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಕಲಿತೆ. 1940ರ ಹೊತ್ತಿನ ಧಾರವಾಡ ಕಡೆಯ ಮನೆಯೊಂದರ ಕಥೆಯಿದ್ದ ಧಾರಾವಾಹಿಗೆ ಬಟ್ಟೆಯ ಪಟ್ಟಿ ಮಾಡುವಾಗ, ಹಿರಿಯ ಹೆಂಗಸಿನ ಪಾತ್ರಕ್ಕೆ ‘ಇಳಕಲ್ ಸೀರೆ ಎರಡು, ಖಣದ ಬ್ಲೌಸ್ ಎರಡು’ ಎಂದು ಬರೆದೆ. ಗುಳೇದಗುಡ್ಡದ ಖಣವನ್ನೇ ತರಿಸಿದ್ದೆವು. ದರ್ಜಿ ‘ಬ್ಲೌಸ್’ ಎಂಬುದನ್ನು ಓದಿ, ಬೆಂಗಳೂರಿನಲ್ಲಿ ದಿನವೂ ಹೊಲಿಯುವಂತೆಯೇ ಒಳಗೆ ಅಸ್ತರು ಕೊಟ್ಟು, ಬೆನ್ನಿಗೆ ಹುಕ್ಕು ಇಟ್ಟು ಹೊಲಿದರು. ಬೇಕಾಗಿದ್ದದ್ದು ಮುಂದೆ ಗಂಟು ಹಾಕುವ ಕುಬಸ. ಕಲಾವಿದೆ ಸೆಟ್ಟಿಗೆ ಬಂದು ನಿಂತಾಗ, ಆ ಸೀಮೆಯವರೇ ಆದ ಸಂಭಾಷಣೆಕಾರರು ನೋಡಿ, ‘ಇದು ನಮ್ಮ ಅಜ್ಜಿ ಅಲ್ಲ’ ಎಂದರು. ಅರ್ಧ ದಿನದ ಚಿತ್ರೀಕರಣ ನಿಂತಿತು. ತಪ್ಪು ದರ್ಜಿಯದ್ದಲ್ಲ, ನಾನು ಬರೆದ ಪದದ್ದು. ಅಂದಿನಿಂದ ಪಟ್ಟಿಯಲ್ಲಿ ಕುಬಸ, ರವಿಕೆ, ಜಂಪರು ಎಂದು ಊರಿಗೂ ಕಾಲಕ್ಕೂ ತಕ್ಕಂತೆ ಬೇರೆಬೇರೆಯಾಗಿ ಬರೆಯುತ್ತಿದ್ದೇನೆ, ಎದುರಿಗೆ ಗಂಟು ಎಲ್ಲಿ, ಗುಂಡಿ ಎಲ್ಲಿ ಎಂಬುದನ್ನೂ ಸೇರಿಸುತ್ತೇನೆ.

ಮೇಲಿನ ಕ್ರಿಯಾಪದಗಳಲ್ಲಿ ಹಲವಕ್ಕೆ ಕನ್ನಡದಲ್ಲಿ ಇನ್ನೊಬ್ಬರಿಗೆ ಮಾಡಿಸುವ ರೂಪ ಸಲೀಸಾಗಿ ಸಿಗುತ್ತದೆ: ಉಡಿಸು, ತೊಡಿಸು, ಹೊದಿಸು, ಮುಡಿಸು. ಅಮ್ಮ ಮಗುವಿಗೆ ಮಾಡುವ ಕೆಲಸಗಳಿಗೆ, ಅರ್ಚಕರು ದೇವರಿಗೆ ಮಾಡುವ ಕೆಲಸಗಳಿಗೆ ಬಳಸುವ ಮಾತುಗಳಿವು. ಓದುಗ, ಕೇಳುಗ, ನೋಡುಗ ಎಂಬವು ರೂಢಿಗೆ ಬಂದಿರುವಾಗ ಅದೇ ಅಚ್ಚಿನಲ್ಲಿ ‘ಉಡಿಸುಗರು’ ಎನ್ನಬಹುದೇ ಎಂಬುದು ನನ್ನ ಮುಖ್ಯ ಪ್ರಶ್ನೆ. ‘ತೊಡಿಸುಗರು’ ಕೂಡ ಆಗಬಹುದಾದರೂ, ಸೀರೆ ಪಂಚೆಗಳ ಕಡೆಗೆ ವಾಲಿದ ‘ಉಡಿಸು’ವೇ ಕೈಕೆಲಸವನ್ನು ಹೆಚ್ಚು ಹೇಳುತ್ತದೆ. ಗಂಡು ಹೆಣ್ಣೆಂಬ ಭೇದವಿಲ್ಲದೆ ಬಹುವಚನದಲ್ಲಿ ನಿಲ್ಲುವುದೂ ಟೈಟಲ್ ಕಾರ್ಡಿಗೆ ಅನುಕೂಲ. ಹಳಗನ್ನಡದ ದಾರಿಯೂ ಒಂದಿದೆ. ಹಡಪವನ್ನು (ಎಲೆಅಡಿಕೆಯ ಚೀಲವನ್ನು) ಹಿಡಿದವರು ಹಡಪದ ಅಪ್ಪಣ್ಣ, ಮಡಿ ಮಾಡುವವರು ಮಡಿವಾಳ, ಭಂಡಾರ ಕಾಯುವವರು ಭಂಡಾರಿ; ಕಾಯುವ ವಸ್ತುವಿನಿಂದಲೇ ಕಾಯುವವರಿಗೆ ಹೆಸರು. ಆದರೆ ಇಂಥ ಹೆಸರುಗಳು ಇಂದು ಜಾತಿಯ ಹೆಸರುಗಳಾಗಿಯೂ ನಿಂತಿರುವುದರಿಂದ, ಆ ಅಚ್ಚಿನಲ್ಲಿ ಹೊಸ ಪದ ಎರೆದು ಒಬ್ಬ ಕೆಲಸಗಾರರ ತಲೆಗೆ ಕಟ್ಟಲು ನಾನು ಸಿದ್ಧಳಿಲ್ಲ.

ಮೂವರಲ್ಲಿ ಹಿರಿಯರಾದವರನ್ನೇ ಒಮ್ಮೆ ಕೇಳಿದೆ, ‘ಅಣ್ಣಾ, ನಿಮ್ಮ ಹೆಸರಿನ ಮುಂದೆ ಏನಂತ ಬರೀಲಿ?’ ಎಂದು. ಅವರು ಕೈಯಲ್ಲಿದ್ದ ಸೇಫ್ಟಿಪಿನ್ನುಗಳನ್ನು ಒಂದೊಂದಾಗಿ ಅಂಗಿಯ ಜೇಬಿನ ಅಂಚಿಗೆ ಸಿಕ್ಕಿಸುತ್ತ, ‘ಬಟ್ಟೆ ಕೊಡೋನು ಅಂತ ಬರೀರಿ ಮೇಡಂ, ನಮ್ಮ ಮನೇಲಿ ಎಲ್ಲರಿಗೂ ಅರ್ಥ ಆಗುತ್ತೆ’ ಎಂದರು. ಅರ್ಥವಾಗಬೇಕು ಎಂಬ ಅವರ ಮಾತನ್ನು ನಾನು ಗಂಭೀರವಾಗಿಯೇ ತೆಗೆದುಕೊಂಡಿದ್ದೇನೆ. ‘ಉಡಿಸುಗರು’ ಎಂಬುದು ಅವರ ಮನೆಯವರಿಗೆ ಮೊದಲ ಓದಿಗೇ ತಿಳಿಯುತ್ತದೆಯೇ ಎಂಬುದೇ ನನ್ನ ಅಳತೆಗೋಲು.

ಬಲ್ಲವರಿಂದ ನನಗೆ ಬೇಕಾಗಿರುವುದು ಎರಡು ವಿಷಯ. ‘ನೇಪಥ್ಯ’ವನ್ನು ಉಡುಗೆ ಎಂಬ ಅರ್ಥದಲ್ಲಿ ಹಳಗನ್ನಡ, ನಡುಗನ್ನಡ ಕಾವ್ಯಗಳಲ್ಲಿ ಎಲ್ಲಾದರೂ ಬಳಸಿದ್ದಿದ್ದರೆ ದಯವಿಟ್ಟು ಪದ್ಯಸಹಿತ ತಿಳಿಸಿ. ಹಾಗೆಯೇ, ನಿಮ್ಮ ಮನೆಯ ಹಿರಿಯರು ಯಾರಾದರೂ ವೃತ್ತಿನಾಟಕ ಕಂಪನಿಯಲ್ಲೋ, ಯಕ್ಷಗಾನ ಮೇಳದಲ್ಲೋ, ಬಯಲಾಟದ ತಂಡದಲ್ಲೋ ಪೆಟ್ಟಿಗೆ ಕಾಯ್ದು ಬಟ್ಟೆ ಉಡಿಸುವ ಕೆಲಸ ಮಾಡಿದ್ದರೆ, ಅವರನ್ನು ಜೊತೆಯವರು ಯಾವ ಹೆಸರಿನಿಂದ ಕೂಗುತ್ತಿದ್ದರು ಎಂಬುದನ್ನು ಕೇಳಿ, ಅವರು ಹೇಳಿದ ಉಚ್ಚಾರದಲ್ಲೇ ಬರೆದು ಕಳಿಸಿ. ಪಟ್ಟಿಯನ್ನು ಮುಂದಿನ ತಿಂಗಳ ಮೊದಲ ವಾರ ಕೊಡಬೇಕಾಗಿದೆ. ಅಲ್ಲಿಯವರೆಗೆ ಆ ಮೂರು ಹೆಸರುಗಳ ಎದುರಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ.