ಡಿಕಾಯ್ (ನಕಲಿ ಹಕ್ಕಿ) ಇಟ್ಟರೂ ಪಾರಿವಾಳ ಇಳಿಯಲಿಲ್ಲ, ತಪ್ಪಿದ್ದೆಲ್ಲಿ?

ಪ್ರಶ್ನೆ (ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿರೋ ಹಾಸನದವ): ಶನಿವಾರ ಪಕ್ಕದ ರೈತರ ಜೊತೆ ಹೋಗಿದ್ದೆ, ಕೋವಿಯೂ ಅವರದೇ. ಬಟಾಣಿ ಬಿತ್ತಿದ ಹೊಲ, ವುಡ್‌ಪಿಜನ್ (ಕಾಡುಪಾರಿವಾಳ) ಕಾಟ ವಿಪರೀತ. ಬೇಲಿಗೆ ಬಲೆ ಕಟ್ಟಿ ಮರೆ ಮಾಡಿ, 12 ಪ್ಲಾಸ್ಟಿಕ್ ಡಿಕಾಯ್ ಇಟ್ಟೆವು. ಹಕ್ಕಿಗಳು ಇಳಿಯೋ ಹಾಗೆ ಬಂದು, 40 ಗಜದಲ್ಲೇ ಸರ್ರನೆ ತಿರುಗಿಬಿಡೋವು. ಆರು ಗಂಟೆ ಕೂತರೂ ಹೊಡೆದಿದ್ದು ನಾಲ್ಕೇ!

ಉತ್ತರ 1: ಮಳೆ ಬಂದಿತ್ತಾ? ಒದ್ದೆ ಪ್ಲಾಸ್ಟಿಕ್ ಮಿಂಚಿದರೆ ಹಕ್ಕಿ ಬೆದರುತ್ತೆ. ಗಾಳಿ ನಿಮ್ಮ ಬೆನ್ನಿಗಿರಬೇಕು. ಡಿಕಾಯ್‌ಗಳನ್ನು ಲಾಳದ ಆಕಾರದಲ್ಲಿಟ್ಟು ನಡುವೆ ಖಾಲಿ ಬಿಡಿ, ಹಕ್ಕಿ ಗಾಳಿಗೆದುರಾಗಿ ಅಲ್ಲೇ ಇಳಿಯುತ್ತೆ.

ಉತ್ತರ 2: ಸ್ಟಾಕ್ ಡವ್ (ಅದನ್ನೇ ಹೋಲುವ ಇನ್ನೊಂದು ಪಾರಿವಾಳ) ಹೊಡೆದೀರಿ ಜೋಕೆ! ಬೆಳೆ ಹಾಳುಮಾಡೋ ಹಕ್ಕಿಗಳನ್ನು ಹೊಡೆಯಲು ಬಿಡುವ ಇಂಗ್ಲೆಂಡಿನ ಜಿಎಲ್42 ಲೈಸೆನ್ಸಿನಲ್ಲಿ ಅದಿಲ್ಲ. ವುಡ್‌ಪಿಜನ್‌ಗೆ ರೆಕ್ಕೆ ಮೇಲೆ ಬಿಳಿ ಪಟ್ಟೆ ಇರುತ್ತೆ, ಸ್ಟಾಕ್ ಡವ್‌ಗಿಲ್ಲ.

ಪ್ರಶ್ನೆ ಕೇಳಿದವ: ತುಂತುರು ಇತ್ತು, ಹೌದು. ಗಾಳಿ ಮುಖಕ್ಕೇ ಹೊಡೀತಿತ್ತು. ಜೊತೆಗೆ ಮಿಂಚೋ ನನ್ನ ಕನ್ನಡಕ! ಹಕ್ಕಿ ಬಂದಾಗಲೆಲ್ಲ ಕತ್ತೆತ್ತಿ ನೋಡ್ತಿದ್ದೆ, ರೈತರು ಬೈದರು. ಮನೇಲಿ ಒಂದರ ಗಂಟಲಚೀಲ ಸೀಳಿದೆ, ನೀರಿಗೆ ಉಬ್ಬಿದ ಬಟಾಣಿ, ಎಣಿಸಿದರೆ 61. ಎದೆಮಾಂಸ ಕಾಳುಮೆಣಸು ಹಾಕಿ ಹುರಿದೆ. ಹೆಂಡತಿ ಮುಟ್ಟಲಿಲ್ಲ.